ಸಹಾನುಭೂತಿ ದಣಿವು: ಸಮಾಜ ಕಾರ್ಯಕರ್ತರು ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ

ಮಕ್ಕಳ ರಕ್ಷಣಾ ಘಟಕ, ನೊಂದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, ಸಾಂತ್ವನ ಕೇಂದ್ರ, ಸಹಾಯವಾಣಿ, ಆಸ್ಪತ್ರೆಯ ಸಮಾಜಕಾರ್ಯ ವಿಭಾಗ, ಇಂಥ ಕಡೆ ದುಡಿಯುವವರು ಸಹಾನುಭೂತಿ ದಣಿವಿಗೆ, ಅಂದರೆ ಬೇರೆಯವರ ನೋವು ಕೇಳಿ ಕೇಳಿ ಮಿಡಿಯುವ ಶಕ್ತಿಯೇ ಕುಂದುವುದಕ್ಕೆ, ಪರಿಹಾರ ಹುಡುಕಿ ಸೋಲುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ಒಂದು ವಾರ ರಜೆ ಹಾಕುತ್ತಾರೆ, ಊರಿಗೆ ಹೋಗುತ್ತಾರೆ, ಕಣ್ತುಂಬ ನಿದ್ದೆ ಮಾಡುತ್ತಾರೆ. ಕೆಲಸಕ್ಕೆ ಮರಳಿದ ಎರಡೇ ದಿನಕ್ಕೆ ಹೊಸ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಕೇಸು ಬರುತ್ತದೆ, ಎದೆ ಮತ್ತೆ ಮೊದಲಿನಷ್ಟೇ ಭಾರ. ರಜೆಯಿಂದಲೂ ಆಗಲಿಲ್ಲ, ಯೋಗದಿಂದಲೂ ಆಗಲಿಲ್ಲ, ಹಾಗಾದರೆ ಈ ಕೆಲಸವೇ ನನಗೆ ಒಗ್ಗುವುದಿಲ್ಲ ಅಂದುಕೊಳ್ಳುತ್ತಾರೆ. ಒಳ್ಳೊಳ್ಳೆಯ ಕಾರ್ಯಕರ್ತರು ಹೀಗೆ ಕೆಲಸ ಬಿಟ್ಟು ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ. ರಜೆಯೂ ತಪ್ಪಲ್ಲ, ಯೋಗವೂ ತಪ್ಪಲ್ಲ. ದಣಿವು ಒಳಗೆ ಬರುವ ದಾರಿಯನ್ನು ಹಾಗೇ ತೆರೆದಿಟ್ಟು ವಿಶ್ರಾಂತಿಗೆ ಹೊರಟಿದ್ದು ತಪ್ಪು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ರಜೆ ಬರುವುದು ಕೊನೆಯ ಹಂತಗಳಲ್ಲಿ. ಕ್ರಮ ಬದಲಿಸಬೇಡಿ.

## ಮೊದಲು ಇಷ್ಟು ಹೊಂದಿಸಿಕೊಳ್ಳಿ

ಒಂದು ಸಣ್ಣ ನೋಟ್‌ಬುಕ್ ಬೇಕು. ಕಚೇರಿಯ ಕೇಸ್ ಡೈರಿ ಬೇರೆ, ಇದು ಬೇರೆ. ಇದರಲ್ಲಿ ಯಾರ ಹೆಸರೂ, ಊರೂ, ಕೇಸ್ ನಂಬರೂ ಬರೆಯಬಾರದು. ಬಸ್ಸಿನಲ್ಲಿ ಬಿಟ್ಟುಹೋದರೂ ಒಂದು ಮಗುವಿನ ಗುರುತು ಯಾರಿಗೂ ಸಿಗಬಾರದು.

ಎರಡನೆಯದು ಪ್ರೊಕ್ವಾಲ್ (ProQOL), ಇಂಥ ಕೆಲಸದ ತೃಪ್ತಿಯನ್ನೂ ದಣಿವನ್ನೂ ಅಳೆಯುವ ಪ್ರಶ್ನಾವಳಿ. ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಎರಡು ಪ್ರತಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಮೂರನೆಯದು ನಿಮ್ಮಂಥದ್ದೇ ಕೆಲಸ ಮಾಡುವ, ಬಾಯಿ ಬಿಗಿಯಿರುವ ಒಬ್ಬ ಸಹೋದ್ಯೋಗಿ. ಮನೆಯವರು ಈ ಜಾಗಕ್ಕೆ ಬೇಡ. ಅವರು ಪ್ರೀತಿಯಿಂದ ಕೇಳುತ್ತಾರೆ ನಿಜ, ಆದರೆ ಕೇಳಿದ್ದನ್ನು ಹೊತ್ತುಕೊಂಡು ಅವರೂ ನಿದ್ದೆಗೆಡುತ್ತಾರೆ, ಕೇಸಿನ ಗೋಪ್ಯತೆಯೂ ಮುರಿಯುತ್ತದೆ.

## ಹಂತ 1: ದಣಿವು ಯಾವುದು ಎಂದು ಬೇರ್ಪಡಿಸಿ

ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಸುಸ್ತು ಅಂದ ತಕ್ಷಣ ಮನಸ್ಸಿನದೇ ಎಂದುಕೊಳ್ಳಬೇಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ, ಈ ಕ್ಷೇತ್ರದಲ್ಲಿ ದುಡಿಯುವವರಲ್ಲಿ ಮಹಿಳೆಯರೇ ಹೆಚ್ಚು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ಇಷ್ಟನ್ನು ಪರೀಕ್ಷೆ ಮಾಡಿಸಿ. ಥೈರಾಯ್ಡ್ ಏರುಪೇರಾಗಿರುವಾಗ ಎಷ್ಟು ಕೌನ್ಸೆಲಿಂಗ್ ಮಾಡಿಸಿಕೊಂಡರೂ ಸುಸ್ತು ಹೋಗುವುದಿಲ್ಲ.

ದೇಹದ ಕಾರಣ ಇಲ್ಲವೆಂದಾದರೆ ಮೂರು ಸ್ಥಿತಿಗಳನ್ನು ಬೇರೆಬೇರೆಯಾಗಿ ನೋಡಿ.

ಮೊದಲನೆಯದು ಬರ್ನ್‌ಔಟ್, ಅಂದರೆ ಕೆಲಸದಿಂದಲೇ ಬಸವಳಿಯುವುದು. ಇದು ಕೆಲಸದ ವ್ಯವಸ್ಥೆಯಿಂದ ಬರುವಂಥದ್ದು: ತಿಂಗಳುಗಟ್ಟಲೆ ಬಾರದ ಸಂಬಳ, ಪ್ರತಿವರ್ಷ ಗುತ್ತಿಗೆ ನವೀಕರಣದ ಆತಂಕ, ಒಂದೇ ಮಾಹಿತಿಯನ್ನು ನಾಲ್ಕು ನಮೂನೆಯಲ್ಲಿ ತುಂಬುವುದು. ನಿಧಾನವಾಗಿ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ ಐಸಿಡಿ-11ರಲ್ಲಿ ಇದನ್ನು ರೋಗವೆಂದು ಕರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಷ್ಟೇ ಗುರುತಿಸಿದೆ.

ಎರಡನೆಯದು ಪರೋಕ್ಷ ಆಘಾತ. ಬೇರೆಯವರಿಗೆ ಆದದ್ದನ್ನು ಕೇಳಿ, ಓದಿ, ನೋಡಿ ನಿಮ್ಮೊಳಗೆ ಅದರ ಚಿತ್ರಗಳು ಉಳಿಯುವುದು. ಒಂದೇ ಕೇಸಿನಿಂದಲೂ ಶುರುವಾಗಬಹುದು. ಸಂತ್ರಸ್ತರ ಹೇಳಿಕೆಯಲ್ಲಿ ಓದಿದ ದೃಶ್ಯ ಪಾತ್ರೆ ತೊಳೆಯುವಾಗ ಕಣ್ಣಮುಂದೆ ಬರುತ್ತದೆ, ನಿಮ್ಮ ಮಗಳನ್ನು ಪಕ್ಕದ ಮನೆಗೆ ಕಳಿಸಲೂ ಭಯವಾಗುತ್ತದೆ. ಇದು ಮನಸ್ಸಿನ ದೌರ್ಬಲ್ಯವಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪರಿಷ್ಕರಿಸಿದ ರೋಗನಿರ್ಣಯ ಕೈಪಿಡಿ, ವೃತ್ತಿಯ ಭಾಗವಾಗಿ ದೌರ್ಜನ್ಯದ ವಿವರಗಳಿಗೆ ಮತ್ತೆಮತ್ತೆ ಒಡ್ಡಿಕೊಳ್ಳುವುದನ್ನೂ ಆಘಾತದ ಒಡ್ಡಿಕೆಯ ಪಟ್ಟಿಯಲ್ಲಿ ಸೇರಿಸಿದೆ.

ಈ ಎರಡೂ ಸೇರಿ, ಮಿಡಿಯುವ ಶಕ್ತಿಯೇ ಕುಂದಿದಾಗ ಅದು ಸಹಾನುಭೂತಿ ದಣಿವು. ಗುರುತಿಸುವುದು ಹೇಗೆ? ಎದುರಿಗೆ ಕೂತ ತಾಯಿ ಅಳುತ್ತಿದ್ದಾಳೆ, ನೀವು ಗಡಿಯಾರ ನೋಡುತ್ತೀರಿ. "ಇವರೆಲ್ಲ ಹೀಗೇ, ನಾಳೆ ಗಂಡನ ಜತೆ ರಾಜಿ ಮಾಡ್ಕೋತಾರೆ" ಅನ್ನುವ ಮಾತು ನಾಲಿಗೆಯ ತುದಿಗೆ ಬರುತ್ತದೆ. ಆಮೇಲೆ ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಗುತ್ತದೆ. ಆ ನಾಚಿಕೆಯಿಂದಲೇ ಎಷ್ಟೋ ಜನ ಯಾರಿಗೂ ಹೇಳದೆ ವರ್ಷಗಟ್ಟಲೆ ಕಳೆಯುತ್ತಾರೆ.

ಮೂರನೆಯದು ಖಿನ್ನತೆ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ದಿನದ ಬಹುಪಾಲು ಹೊತ್ತು ಬೇಸರ, ಕೆಲಸಕ್ಕೆ ಸಂಬಂಧವಿಲ್ಲದ ಸಂತೋಷಗಳೂ ಬೇಡವಾಗುವುದು, ಹಸಿವು ನಿದ್ದೆಗಳ ಏರುಪೇರು ಇದ್ದರೆ ಮುಂದಿನ ಹಂತಗಳಿಗೆ ಕಾಯಬೇಡಿ. ಈ ಬರಹದ ಕೊನೆಯಲ್ಲಿರುವ ಎಚ್ಚರಿಕೆಯ ಭಾಗಕ್ಕೆ ನೇರವಾಗಿ ಹೋಗಿ.

## ಹಂತ 2: ಅಳೆಯಿರಿ

ಪ್ರೊಕ್ವಾಲ್‌ನ ಐದನೇ ಆವೃತ್ತಿಯಲ್ಲಿ 30 ಪ್ರಶ್ನೆಗಳಿವೆ. ಕಳೆದ 30 ದಿನಗಳನ್ನು ಮನಸ್ಸಿನಲ್ಲಿಟ್ಟು ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡಬೇಕು. ಕೆಲಸದಿಂದ ಸಿಗುವ ತೃಪ್ತಿ, ಬರ್ನ್‌ಔಟ್, ಪರೋಕ್ಷ ಆಘಾತ ಎಂಬ ಮೂರು ಭಾಗಗಳಿಗೆ ತಲಾ ಹತ್ತು ಪ್ರಶ್ನೆ. ಪ್ರತಿ ಭಾಗದಲ್ಲಿ 22 ಅಥವಾ ಕಡಿಮೆ ಬಂದರೆ ಕೆಳಮಟ್ಟ, 23ರಿಂದ 41 ಮಧ್ಯಮ, 42 ಮತ್ತು ಮೇಲೆ ಹೆಚ್ಚು.

ಹೆಚ್ಚಿನವರು ತಪ್ಪುವುದು ಇಲ್ಲಿ. ಬರ್ನ್‌ಔಟ್ ಭಾಗದ 1, 4, 15, 17, 29ನೇ ಪ್ರಶ್ನೆಗಳ ಅಂಕವನ್ನು ತಿರುಗಿಸಬೇಕು: 1 ಇದ್ದರೆ 5, 2 ಇದ್ದರೆ 4. ಇದನ್ನು ಮರೆತರೆ ಫಲಿತಾಂಶವೇ ಸುಳ್ಳಾಗುತ್ತದೆ. ಇನ್ನೊಂದು ತಪ್ಪು ಮೂರೂ ಅಂಕಗಳನ್ನು ಕೂಡಿ ಒಂದೇ ಮೊತ್ತ ಮಾಡುವುದು. ಹಾಗೆ ಕೂಡಿದ ಮೊತ್ತಕ್ಕೆ ಅರ್ಥವೇ ಇಲ್ಲ.

ಬರ್ನ್‌ಔಟ್ ಮಾತ್ರ ಹೆಚ್ಚಿದ್ದರೆ ನಿಮಗೆ ಹಂತ 6 ಮುಖ್ಯ. ಪರೋಕ್ಷ ಆಘಾತ ಹೆಚ್ಚಿದ್ದರೆ ಹಂತ 4 ಮತ್ತು 5. ಎರಡೂ ಹೆಚ್ಚು, ತೃಪ್ತಿ ಕಡಿಮೆ ಎಂದು ಬಂದರೆ ಒಬ್ಬರೇ ನಿಭಾಯಿಸಲು ಹೋಗಬೇಡಿ, ಮನೋವೈದ್ಯರನ್ನೋ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರನ್ನೋ ಕಂಡು ಬನ್ನಿ. ಈ ಪ್ರಶ್ನಾವಳಿ ರೋಗ ಪತ್ತೆಹಚ್ಚುವ ಪರೀಕ್ಷೆಯಲ್ಲ, ದಿಕ್ಕು ತೋರಿಸುತ್ತದೆ ಅಷ್ಟೆ. ಅಂಕದ ಹಾಳೆಯನ್ನು ಕಚೇರಿಯ ಕಡತಕ್ಕೆ ಸೇರಿಸಬೇಡಿ. ಅದು ನಿಮ್ಮದು.

## ಹಂತ 3: ಎರಡು ವಾರ ಗುರುತು ಹಾಕಿ

ಪ್ರತಿದಿನ ಸಂಜೆ ಐದು ನಿಮಿಷ ಸಾಕು. ಆ ದಿನ ಭಾರವಾದ ಕೆಲಸ ಯಾವುದು, ಎಷ್ಟು ಭಾರ (1, 2, 3), ಆಗ ಗಂಟೆ ಎಷ್ಟು, ಆಮೇಲೆ ದೇಹಕ್ಕೆ ಏನಾಯಿತು. "ಹೇಳಿಕೆ ಓದಿದೆ, ಸಂಜೆ 6, ಭಾರ 3, ಕುತ್ತಿಗೆ ಬಿಗಿ, ಊಟ ಸೇರಲಿಲ್ಲ." ಇಷ್ಟೇ.

ಎರಡು ವಾರ ಮುಗಿದ ಮೇಲೆ ನೋಡಿ. ಹೆಚ್ಚಿನವರಿಗೆ ಅಚ್ಚರಿಯಾಗುವುದು ಇಲ್ಲೇ. 3 ಅಂಕದ ಭಾರ ಎದುರಿಗೆ ಕೂತ ಮಗುವಿನಿಂದ ಬಂದಿರುವುದಿಲ್ಲ. ಮಗುವಿನ ಜತೆ ಕೂತಾಗ ಏನೋ ಮಾಡುತ್ತಿದ್ದೇನೆಂಬ ಸಮಾಧಾನವಾದರೂ ಇರುತ್ತದೆ. ಭಾರ ಬಂದಿರುವುದು ಅದೇ ಹೇಳಿಕೆಯನ್ನು ಮೂರನೇ ಸಲ ಓದಿದಾಗ, ಗ್ರೂಪಿನಲ್ಲಿ ಬಂದ ಫೋಟೊ ತೆರೆದಾಗ, ಕೋರ್ಟಿನ ವರಾಂಡದಲ್ಲಿ ಇಡೀ ದಿನ ಕಾದು ವಾಯಿದೆ ಪಡೆದು ಮರಳಿದಾಗ. ಹೀಗೆ ಮೂಲ ಗೊತ್ತಾದ ಮೇಲೆ ಮಾತ್ರ ಮುಂದಿನ ಹಂತ.

## ಹಂತ 4: ಬೇಡದ ಒಡ್ಡಿಕೆಯನ್ನು ಕಡಿಮೆ ಮಾಡಿ

ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ, ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ನೋವು ಕೇಳುವುದು ನಿಮ್ಮ ಕೆಲಸ. ಆದರೆ ಅದೇ ನೋವನ್ನು ಅಗತ್ಯವಿಲ್ಲದೆ ಐದು ಸಲ ಓದುವುದು ಯಾರ ಕೆಲಸವೂ ಅಲ್ಲ.

ಹೇಳಿಕೆಯನ್ನು ಒಮ್ಮೆ ಓದಿ, ಟಿಪ್ಪಣಿಯಿಂದ ಬರೆಯಿರಿ. ಸಾಮಾಜಿಕ ತನಿಖಾ ವರದಿ, ವೈಯಕ್ತಿಕ ಆರೈಕೆ ಯೋಜನೆ, ಮಕ್ಕಳ ಕಲ್ಯಾಣ ಸಮಿತಿಗೆ ಪತ್ರ, ಪರಿಹಾರದ ಅರ್ಜಿ, ಪ್ರತಿಯೊಂದಕ್ಕೂ ಮೂಲ ಹೇಳಿಕೆ ತೆರೆಯುವ ಅಭ್ಯಾಸ ಬಿಡಿ. ಮೊದಲ ಓದಿನಲ್ಲೇ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಮುಂದೆ ಬೇಕಾಗುವ ಸಂಗತಿಗಳನ್ನು ಮಾತ್ರ ಇಳಿಸಿಕೊಳ್ಳಿ: ದಿನಾಂಕ, ಸ್ಥಳ, ಆರೋಪಿಗೂ ಮಗುವಿಗೂ ಏನು ಸಂಬಂಧ, ಈಗ ಮಗು ಎಲ್ಲಿದೆ, ಶಾಲೆ, ವೈದ್ಯಕೀಯ ಅಗತ್ಯ, ಮನೆಯಲ್ಲಿ ಅಪಾಯ ಉಳಿದಿದೆಯೇ. ಆ ಹಾಳೆ ಕೇಸಿನ ಕಡತದಲ್ಲೇ ಇರಲಿ. ಉಳಿದ ವರದಿಗಳೆಲ್ಲ ಅದರಿಂದಲೇ ಬರೆಯಬಹುದು. ಕೃತ್ಯದ ವಿವರ ಬಹುಪಾಲು ವರದಿಗಳಿಗೆ ಬೇಕಾಗಿಯೇ ಇಲ್ಲ.

ಓದುವ ಹೊತ್ತು ಬದಲಿಸಿ. ಬೆಳಗ್ಗೆ, ಕಚೇರಿಯ ಮೇಜಿನ ಮುಂದೆ ಓದಿ. ಮನೆಗೆ ಹೊರಡುವ ಮುಂಚಿನ ಅರ್ಧ ಗಂಟೆ, ಬಸ್ಸಿನಲ್ಲಿ ಮೊಬೈಲಿನಲ್ಲಿ, ಹಾಸಿಗೆಯ ಮೇಲೆ ಬೇಡವೇ ಬೇಡ. ಮಲಗುವ ಜಾಗಕ್ಕೂ ಆ ಅಕ್ಷರಗಳಿಗೂ ಮನಸ್ಸು ನಂಟು ಹಾಕಿಬಿಡುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ಫೋಟೊ, ವಿಡಿಯೊ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಆ್ಯಂಡ್ ಡೇಟಾಕ್ಕೆ ಹೋಗಿ ಮೀಡಿಯಾ ಆಟೊ-ಡೌನ್‌ಲೋಡ್ ಪೂರ್ತಿ ನಿಲ್ಲಿಸಿ. ಇದನ್ನು ಈಗಲೇ ಮಾಡಿ, ಆಮೇಲೆ ಮುಂದೆ ಓದಿ. ಗಾಯದ ಫೋಟೊ ನೋಡಲೇಬೇಕಾಗಿ ಬಂದರೆ ಪರದೆಯ ಮೇಲೆ ಚಿಕ್ಕದಾಗಿ, ಸಾಧ್ಯವಾದರೆ ಕಪ್ಪುಬಿಳುಪಿನಲ್ಲಿ ನೋಡಿ. ವಿಡಿಯೊ ಆದರೆ ಶಬ್ದ ತೆಗೆದು ನೋಡಿ. ಕಡತದಲ್ಲಿರುವ ಫೋಟೊದ ಮೇಲೆ ಒಂದು ಬಿಳಿ ಹಾಳೆ ಪಿನ್ ಮಾಡಿ, ಪುಟ ತಿರುವುವಾಗಲೆಲ್ಲ ಕಣ್ಣಿಗೆ ಬೀಳದಿರಲಿ. ಮಗುವಿನ ಫೋಟೊವನ್ನೋ ಹೆಸರನ್ನೋ ಗ್ರೂಪಿಗೆ ಹಾಕುವುದಂತೂ ಕೂಡದು. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಮಗುವಿನ ಗುರುತು ಬಯಲು ಮಾಡುವುದನ್ನು ನಿಷೇಧಿಸಿದೆ. ಗ್ರೂಪಿನಲ್ಲಿ ಇದನ್ನು ನೆನಪಿಸಿದರೆ ಮಗುವಿಗೂ ರಕ್ಷಣೆ, ನಿಮಗೂ.

ಬೇಡದ ಪ್ರಶ್ನೆ ಕೇಳಬೇಡಿ. ಮನೆ ಭೇಟಿಗೆ ಹೋದ ಔಟ್‌ರೀಚ್ ಕಾರ್ಯಕರ್ತರಿಗೆ ಬೇಕಾದ್ದು ಮನೆಯ ಸ್ಥಿತಿ, ಮಗುವಿನ ಸುರಕ್ಷತೆ. ಏನಾಯಿತೆಂದು ಮತ್ತೊಮ್ಮೆ ಕೇಳಿದರೆ ಮಗುವಿಗೆ ಎರಡನೇ ಸಲ ನೋವು, ನಿಮ್ಮ ತಲೆಗೆ ಇನ್ನೊಂದು ಚಿತ್ರ. ಹೇಳಿಕೆ ದಾಖಲಿಸುವ ಹೊಣೆ ಕಾನೂನು ಯಾರಿಗೆ ಕೊಟ್ಟಿದೆಯೋ ಅವರೇ ದಾಖಲಿಸಲಿ. ಮಗು ತಾನಾಗಿ ಹೇಳತೊಡಗಿದರೆ ಮಾತ್ರ ತಡೆಯಬೇಡಿ, ಕೇಳಿಸಿಕೊಳ್ಳಿ.

ಕೆಲಸದ ಹೊರಗಿನ ಒಡ್ಡಿಕೆ. ಇಡೀ ದಿನ ದೌರ್ಜನ್ಯದ ಕೇಸು ನೋಡಿ ರಾತ್ರಿ ಕ್ರೈಂ ಸುದ್ದಿಯ ಕಾರ್ಯಕ್ರಮ ನೋಡುವವರು ನಮ್ಮಲ್ಲಿ ಬಹಳ. ಕನಿಷ್ಠ ಒಂದು ತಿಂಗಳು ನಿಲ್ಲಿಸಿ.

## ಹಂತ 5: ಹೇಳಿಕೊಳ್ಳಿ, ಆದರೆ ಎದುರಿನವರ ಮೇಲೆ ಸುರಿಯಬೇಡಿ

ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುವಾಗ "ಇವತ್ತಿನ ಕೇಸು ಕೇಳಿದ್ರೆ ನೀವು ಊಟಾನೇ ಮಾಡಲ್ಲ" ಎಂದು ಶುರುಮಾಡುವುದು ನಮ್ಮ ಕಚೇರಿಗಳಲ್ಲಿ ದಿನನಿತ್ಯದ ಮಾತು. ಹೇಳಿದವರಿಗೆ ಐದು ನಿಮಿಷ ಹಗುರ, ಕೇಳಿದ ನಾಲ್ವರಿಗೆ ಆ ಚಿತ್ರ ಉಳಿಯುತ್ತದೆ. ಹಾಗೆಂದು ಬಾಯಿ ಮುಚ್ಚಿಕೊಂಡಿರುವುದೂ ಪರಿಹಾರವಲ್ಲ. ಹೇಳುವುದಕ್ಕೆ ಒಂದು ಕ್ರಮವಿದೆ: ಮುಂಚೆ ತಿಳಿಸಿ, ಒಪ್ಪಿಗೆ ಕೇಳಿ, ಬೇಕಾದಷ್ಟೇ ಹೇಳಿ. ಕಿರಿಯ ಕಾರ್ಯಕರ್ತೆ ಮತ್ತು ಹಿರಿಯ ಆಪ್ತ ಸಮಾಲೋಚಕಿಯ ನಡುವೆ ಅದು ಹೀಗೆ ನಡೆಯಬಹುದು:

"ಅಕ್ಕಾ, ಹತ್ತು ನಿಮಿಷ ಬಿಡುವಿದ್ಯಾ? ನಿನ್ನೆ ಕೇಸಿಂದು ಸ್ವಲ್ಪ ಹೇಳ್ಕೋಬೇಕಿತ್ತು. ಕೇಳೋಕೆ ಕಷ್ಟದ ವಿಷಯ."

"ಈಗ ಆಗಲ್ಲ ಪುಟ್ಟಾ, ಕೋರ್ಟಿಗೆ ಹೊರಟಿದೀನಿ. ನಾಲ್ಕು ಗಂಟೆಗೆ ಕೂತ್ಕೊಳ್ಳೋಣ್ವಾ?"

"ಆಯ್ತಕ್ಕ."

ನಾಲ್ಕು ಗಂಟೆಗೆ: "ಏನಾಯ್ತು ಅಂತ ಪೂರ್ತಿ ಹೇಳಲ್ಲ. ಬಾಲಮಂದಿರದಲ್ಲಿ ಬಿಟ್ಟು ಬರುವಾಗ ಆ ಮಗು ನನ್ನ ದುಪಟ್ಟಾದ ತುದಿ ಹಿಡ್ಕೊಂಡು ಬಿಡ್ಲೇ ಇಲ್ಲ. ಬೆರಳು ಒಂದೊಂದಾಗಿ ಬಿಡಿಸ್ಬೇಕಾಯ್ತು. ರಾತ್ರಿಯೆಲ್ಲ ಅದೇ ಕಣ್ಣಿಗೆ ಕಟ್ಟಿತ್ತು."

"ನಿಂಗೀಗ ಏನು ಬೇಕು? ಸುಮ್ನೆ ಕೇಳ್ಲಾ, ಇಲ್ಲ ಮುಂದೇನು ಮಾಡೋದು ಅಂತ ನೋಡೋಣ್ವಾ?"

ಅಕ್ಕ ಮೊದಲು ಆಗಲ್ಲ ಎಂದರು, ಆದರೆ ಹೊತ್ತು ಗೊತ್ತುಮಾಡಿದರು. ಹುಡುಗಿ ಕೃತ್ಯದ ವಿವರ ಒಂದನ್ನೂ ಹೇಳಲಿಲ್ಲ. ತನಗೆ ಚುಚ್ಚಿದ್ದು ಎಲ್ಲಿ ಎಂಬುದನ್ನು ಮಾತ್ರ ಹೇಳಿದಳು, ಹಗುರಾಗುವುದಕ್ಕೆ ಬೇಕಾದ್ದು ಅದೇ. ಅಕ್ಕ ಸಲಹೆ ಕೊಡುವ ಮುಂಚೆ ಏನು ಬೇಕೆಂದು ಕೇಳಿದರು. ವಾರಕ್ಕೊಮ್ಮೆ ಇಂಥ ಅರ್ಧ ಗಂಟೆ ಗೊತ್ತುಮಾಡಿಕೊಳ್ಳಿ. ಬಿಡುವಾದಾಗ ನೋಡೋಣ ಎಂದರೆ ಆ ಬಿಡುವು ಯಾವತ್ತೂ ಬರುವುದಿಲ್ಲ.

## ಹಂತ 6: ಮೇಲಧಿಕಾರಿಯ ಬಳಿ ಕೆಲಸದ ಲೆಕ್ಕ ಇಡಿ

"ನನಗೆ ತುಂಬ ಸ್ಟ್ರೆಸ್ ಆಗಿದೆ ಸರ್" ಎಂದರೆ "ಎಲ್ಲರಿಗೂ ಇದೆಯಮ್ಮ" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಗುತ್ತಿಗೆ ನೌಕರರಿಗೆ ಇನ್ನೊಂದು ಭಯ: ದುರ್ಬಲರೆಂದು ತಿಳಿದು ನವೀಕರಣ ಮಾಡದಿದ್ದರೆ? ಆ ಭಯಕ್ಕೆ ಕಾರಣವಿದೆ. ಆದ್ದರಿಂದ ಮನಸ್ಥಿತಿಯ ಮಾತು ಅಲ್ಲಿ ಬೇಡ, ಕೆಲಸದ ಹಂಚಿಕೆಯ ಮಾತಾಡಿ. ಹಂತ 3ರ ದಾಖಲೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಾಧ್ಯವಾದರೆ ಮೂರ್ನಾಲ್ಕು ಜನ ಸೇರಿ ಲಿಖಿತವಾಗಿ ಕೊಡಿ:

"ಮಾನ್ಯರೇ, ಕಳೆದ ತಿಂಗಳಲ್ಲಿ ನಮ್ಮಲ್ಲಿ ದಾಖಲಾದ ಲೈಂಗಿಕ ದೌರ್ಜನ್ಯದ ಪ್ರಕರಣಗಳ ಮನೆ ಭೇಟಿ, ವರದಿ ಮತ್ತು ನ್ಯಾಯಾಲಯದ ಹಾಜರಿ ಒಬ್ಬರೇ ಸಿಬ್ಬಂದಿಗೆ ಬಂದಿರುತ್ತದೆ. ಇನ್ನು ಮುಂದೆ ಹೊಸ ಪ್ರಕರಣಗಳನ್ನು ಸರದಿಯಂತೆ ಹಂಚಬೇಕೆಂದೂ, ರಾತ್ರಿ ಕರೆಗಳಿಗೆ ವಾರದ ಸರದಿ ನಿಗದಿಪಡಿಸಬೇಕೆಂದೂ ಕೋರುತ್ತೇವೆ."

ಕೇಳುವುದು ಎರಡೇ ಇರಲಿ, ನಾಳೆಯೇ ಜಾರಿ ಮಾಡಬಹುದಾದ್ದು ಇರಲಿ. ರಾತ್ರಿ ಕರೆಯ ಸರದಿ ಒಂದು ಸಿಕ್ಕರೂ ದೊಡ್ಡ ಗೆಲುವು. ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಲೇಬೇಕು, ತುರ್ತು ತಪ್ಪುವುದಿಲ್ಲ. ಆದರೆ ಆ ತುರ್ತಿಗೆ ಪ್ರತಿರಾತ್ರಿ ಒಬ್ಬರೇ ಎದ್ದಿರಬೇಕಾಗಿಲ್ಲ.

## ಹಂತ 7: ಕೇಸಿಗೂ ಮನೆಗೂ ನಡುವೆ ಒಂದು ತಡೆ

ಕಚೇರಿ ಬಿಡುವ ಮುಂಚೆ ನಾಳೆ ಮಾಡಬೇಕಾದ ಮೊದಲ ಕೆಲಸ ಒಂದನ್ನು ಬರೆದು ಡೈರಿ ಮುಚ್ಚಿ, ಡೈರಿ ಅಲ್ಲೇ ಇರಲಿ. ಮುಖ ತೊಳೆಯಿರಿ. ಮನೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ದೂರವಾದರೂ ನಡೆಯಿರಿ, ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತ. ಚಿತ್ರ ಮನಸ್ಸಿಗೆ ನುಗ್ಗಿದರೆ ಅದನ್ನು ದೂಡಲು ಹೋಗಬೇಡಿ. ಕಣ್ಣೆದುರಿಗೆ ಕಾಣುವ ಐದು ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳಿ: ಬಸ್ಸಿನ ಬೋರ್ಡು, ಎಳನೀರಿನ ಗಾಡಿ, ಕಾಲಿನ ಚಪ್ಪಲಿ. ಯೋಗ, ಸಂಗೀತ, ಭಜನೆ, ಶಟಲ್, ನಿಮಗೆ ಹಿತವಾದ್ದು ಯಾವುದೇ ಇರಲಿ, ಅದು ಇಲ್ಲಿ ಸೇರಿಕೊಳ್ಳಲಿ.

## ಹಂತ 8: ಕೇಸುಗಳನ್ನು ಮುಗಿಸಿ, ಆಮೇಲೆ ರಜೆ ಹಾಕಿ

ಪೋಕ್ಸೊ ಕಾಯ್ದೆಯ 35ನೇ ಕಲಂ ವಿಚಾರಣೆ ಸಾಧ್ಯವಾದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ಮುಗಿಯಬೇಕು ಎನ್ನುತ್ತದೆ. ಅದಕ್ಕಿಂತ ಹೆಚ್ಚು ಕಾಲ ಎಳೆಯುವ ಕೇಸುಗಳನ್ನು ನೀವು ನೋಡಿಯೇ ಇರುತ್ತೀರಿ. ಮಗು ಬೇರೆ ಜಿಲ್ಲೆಗೆ ಹೋಗುತ್ತದೆ, ಸಾಕ್ಷಿದಾರರು ಕೋರ್ಟಿನಲ್ಲಿ ಮಾತು ಬದಲಿಸುತ್ತಾರೆ, ಕೇಸು ಕಾಗದದಲ್ಲಿ ಮುಗಿದರೂ ನಿಮ್ಮೊಳಗೆ ಮುಗಿಯುವುದಿಲ್ಲ. ಹೀಗೆ ಒಳಗೆ ಉಳಿದ ಕೇಸುಗಳೇ ರಜೆಯಲ್ಲೂ ಹಿಂದೆ ಬರುವುದು.

ನಿಮ್ಮ ನೋಟ್‌ಬುಕ್ಕಿನಲ್ಲಿ ಅಂಥ ಪ್ರತಿಯೊಂದಕ್ಕೂ ಒಂದು ಪುಟ ಕೊಡಿ. ಏನು ಮಾಡಲು ನನ್ನಿಂದ ಸಾಧ್ಯವಿತ್ತು, ಏನು ಮಾಡಿದೆ, ಏನು ನನ್ನ ಕೈಯಲ್ಲಿರಲಿಲ್ಲ. ಮೂರನೆಯದನ್ನು ಬಿಡಿಸಿ ಬರೆಯಿರಿ: "ಎಫ್‌ಐಆರ್ ತಡವಾದದ್ದು", "ಅಜ್ಜಿ ಒಪ್ಪದಿದ್ದದ್ದು". ಬರೆದು ಆ ಪುಟವನ್ನು ಮಡಚಿ.

ಈಗ ರಜೆ. ಒಂದು ವಾರವೇ ಬೇಕೆಂದಿಲ್ಲ, ಆದರೆ ಫೋನ್ ಯಾರಿಗೆ ಹೋಗಬೇಕೆಂದು ಬರವಣಿಗೆಯಲ್ಲಿ ವಹಿಸಿಕೊಟ್ಟು ಹೋಗಿ. ಕೆಲಸದ ಗ್ರೂಪನ್ನು ಆರ್ಕೈವ್‌ಗೆ ಹಾಕಿ.

## ಎಚ್ಚರಿಕೆ: ಇವು ಕಂಡರೆ ಹಂತಗಳನ್ನು ಬಿಟ್ಟು ವೈದ್ಯರ ಬಳಿ ಹೋಗಿ

ಬದುಕು ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಸಾಕು, ಅಂದೇ ಯಾರಿಗಾದರೂ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಕ್ಕೆ ಅಪಾಯವಿದ್ದರೆ 112.

ದುಃಸ್ವಪ್ನ, ನುಗ್ಗಿ ಬರುವ ದೃಶ್ಯ, ಬೆಚ್ಚಿಬೀಳುವುದು ಒಂದು ತಿಂಗಳು ದಾಟಿದರೆ. ನಿದ್ದೆಗೆ ಮದ್ಯ ಅಥವಾ ಮಾತ್ರೆ ಬೇಕಾಗತೊಡಗಿದರೆ. ಮನೆಯ ಮಕ್ಕಳ ಮೇಲೆ ಕೈಯೆತ್ತುವಷ್ಟು ಸಿಟ್ಟು ಬಂದರೆ. ಕೇಸಿನ ಮಗುವಿನ ಸುರಕ್ಷತೆಯ ವಿಷಯದಲ್ಲೇ ಅಸಡ್ಡೆ ಮಾಡಿದ್ದು ಕಂಡರೆ ಕಾಯಬೇಡಿ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ನೀವೇ ಕರೆದುಕೊಂಡು ಹೋಗುವ ಆಸ್ಪತ್ರೆಯಲ್ಲಿ ಎಲ್ಲರಿಗೂ ನಿಮ್ಮ ಮುಖ ಪರಿಚಯ ಎಂಬ ಮುಜುಗರವಿದ್ದರೆ ಪಕ್ಕದ ಜಿಲ್ಲೆಗೆ ಹೋಗಿ. ಬೆಂಗಳೂರಿನವರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ಚಿಕಿತ್ಸೆಯ ಗೋಪ್ಯತೆ ನಿಮ್ಮ ಹಕ್ಕು. ಕಚೇರಿಯವರು ಕೇಳಿದ ಮಾತ್ರಕ್ಕೆ ವೈದ್ಯರು ನಿಮ್ಮ ವಿವರ ಕೊಡುವಂತಿಲ್ಲ.

## ತಂಡ ನಡೆಸುವವರು ಮಾಡಬಾರದ ಎರಡು ಕೆಲಸ

ದೊಡ್ಡ ದುರಂತವೊಂದರ ಮರುದಿನ ಎಲ್ಲರನ್ನೂ ಕೂರಿಸಿ "ಏನೇನು ನೋಡಿದಿರಿ, ಒಬ್ಬೊಬ್ಬರಾಗಿ ಹೇಳಿ" ಎನ್ನುವ ಕಡ್ಡಾಯ ಸಭೆ ಬೇಡ. ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಇಂಥ ಡಿಬ್ರೀಫಿಂಗ್ ಪ್ರಯೋಜನಕಾರಿಯಲ್ಲವೆಂದು ಅಧ್ಯಯನಗಳು ತೋರಿಸಿವೆ, ಕೆಲವರಿಗೆ ಅದರಿಂದ ತೊಂದರೆಯೇ ಹೆಚ್ಚಬಹುದು. ಊಟ, ನೀರು, ಮನೆಗೆ ಬೇಗ ಕಳಿಸುವುದು, ಮಾತಾಡಬೇಕೆನ್ನಿಸಿದರೆ ನಾನಿದ್ದೇನೆ ಎನ್ನುವುದು ಅಂದಿಗೆ ಸಾಕು.

ಇನ್ನೊಂದು, ವರ್ಷಕ್ಕೊಂದು ಒತ್ತಡ ನಿರ್ವಹಣೆ ಕಾರ್ಯಾಗಾರ ಮಾಡಿ ಕರ್ತವ್ಯ ಮುಗಿಯಿತೆಂದುಕೊಳ್ಳುವುದು. ಕೇಸುಗಳ ಸರದಿ ಪಟ್ಟಿ ಗೋಡೆಯ ಮೇಲೆ ಬರುವವರೆಗೆ ಕಾರ್ಯಾಗಾರದ ಹಣ ನೀರಿಗೆ ಹಾಕಿದ ಹಾಗೆ.

## ಮೂರು ತಿಂಗಳ ನಂತರ

ಎತ್ತಿಟ್ಟ ಎರಡನೇ ಪ್ರಶ್ನಾವಳಿ ತುಂಬಿ. ಪರೋಕ್ಷ ಆಘಾತದ ಅಂಕ ಇಳಿದು ಬರ್ನ್‌ಔಟ್ ಹಾಗೇ ಇದ್ದರೆ ನೀವು ನಿಮ್ಮ ಪಾಲಿನದನ್ನು ಮಾಡಿದ್ದೀರಿ, ಕಚೇರಿ ಮಾಡಿಲ್ಲ. ಹಂತ 6ರ ಪತ್ರವನ್ನು ಹೊಸ ಲೆಕ್ಕದೊಂದಿಗೆ ಮತ್ತೆ ಕೊಡಿ, ಈ ಸಲ ಸ್ವೀಕೃತಿ ಪಡೆದುಕೊಳ್ಳಿ. ಎರಡೂ ಇಳಿಯದಿದ್ದರೆ ಅದೇ ವಿಭಾಗದಲ್ಲಿ ಮುಂದುವರಿಯಬೇಡಿ. ದತ್ತು, ಪ್ರಾಯೋಜಕತ್ವ, ತರಬೇತಿಯಂಥ ಬೇರೆ ಕೆಲಸಕ್ಕೆ ಆರು ತಿಂಗಳ ಮಟ್ಟಿಗಾದರೂ ವರ್ಗ ಕೇಳಿ, ಜತೆಗೆ ಚಿಕಿತ್ಸೆ ಶುರುಮಾಡಿ.